ಆತ್ಮವಿಶ್ವಾಸದ ಕೊರತೆಯೆಂದು ಕಳುಹಿಸಿದ ಪ್ರಕರಣ

ಸಂಶೋಧನಾ ವಿದ್ಯಾರ್ಥಿನಿಯರನ್ನು ‘ಆತ್ಮವಿಶ್ವಾಸ ಕಡಿಮೆ, ಸ್ವಲ್ಪ ಧೈರ್ಯ ಹೇಳಿ’ ಎಂದು ಮಾರ್ಗದರ್ಶಕರೇ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸುವುದು ಹೆಚ್ಚುತ್ತಿದೆ. ಬಂದವರ ಮಾತು ಕೇಳಿದರೆ ಕೊರತೆ ಬಹುತೇಕ ಬೇರೆಡೆಯೇ ಇರುತ್ತದೆ. ಅಂಥದೊಂದು ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈಕೆ ಸಮಾಜವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವವರು, ಮನೆಯಲ್ಲಿ ಚಿಕ್ಕ ಮಗುವಿದೆ. ವಿಭಾಗದ ವಾರದ ಚರ್ಚಾಸಭೆಯಲ್ಲಿ ಇವರ ಮಾತನ್ನು ಅರ್ಧಕ್ಕೇ ತಡೆಯುವುದು, ಇವರು ಹೇಳಿದ್ದನ್ನೇ ಸಹಪಾಠಿಯೊಬ್ಬರು ಹೇಳಿದಾಗ ಎಲ್ಲರೂ ತಲೆದೂಗುವುದು, ಆಕ್ಷೇಪಿಸಿದರೆ ‘ಎಲ್ಲದರಲ್ಲೂ ಹೆಣ್ಣು ಗಂಡು ಅಂತ ತರಬೇಡಿ’ ಎನ್ನುವುದು ವಾಡಿಕೆಯಾಗಿತ್ತು. ಜಗಳವಾದಾಗಲೆಲ್ಲ ಹಿರಿಯರು ಸಮಾಧಾನ ಹೇಳಿ ಮುಗಿಸುತ್ತಿದ್ದರು, ಕೆಲವೇ ವಾರಗಳಲ್ಲಿ ಅದೇ ಮರುಕಳಿಸುತ್ತಿತ್ತು.

ಮೊದಮೊದಲು ಆಕೆ ತಮ್ಮನ್ನೇ ದೂರಿಕೊಂಡರು. ಒಂದು ದಿನ ಅವರು ತಂದಿದ್ದ ಅಧ್ಯಾಯದ ಕರಡಿನಿಂದ ಒಂದು ಪುಟವನ್ನು ಗಟ್ಟಿಯಾಗಿ ಓದಲು ಕೇಳಿದೆ. ಪ್ರತಿ ವಾದದ ಮೊದಲು ಒಂದು ಸಮರ್ಥನೆ, ಪ್ರತಿ ತೀರ್ಮಾನದ ನಂತರ ಒಂದು ಕ್ಷಮಾಪಣೆಯ ವಾಕ್ಯವಿತ್ತು. ಅರ್ಧ ಪುಟಕ್ಕೇ ಓದು ನಿಂತಿತು. ‘ಮೇಡಂ, ಇದರಲ್ಲಿ ನಾನು ಬರೆದದ್ದು ಏನೂ ಇಲ್ಲ. ಎಲ್ಲ ಅವರಿಗೆ ಕೊಟ್ಟ ಉತ್ತರಾನೇ’ ಎಂದರು. ಅನಂತರವೇ, ತಾವು ಅದುವರೆಗೆ ಹೇಳದಿದ್ದ ಮಾತೊಂದನ್ನು ಹೇಳಿದರು. ಸಭೆಯಲ್ಲಿ ಇನ್ನೈದು ನಿಮಿಷ ಕೇಳಿದಾಗ ಒಬ್ಬರು, ‘ನಿಮಗೆ ಹೇಗೂ ಎರಡು ವರ್ಷ ಹೆಚ್ಚಿಗೆ ಇದೆಯಲ್ಲ, ನಮಗೆ ಸಮಯ ಬಿಡಿ’ ಎಂದಿದ್ದರಂತೆ. ಎಲ್ಲರೂ ನಕ್ಕರಂತೆ; ಮಾರ್ಗದರ್ಶಕರೂ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳು ಪಿಎಚ್.ಡಿ.ಗೆ ಆರು ವರ್ಷಗಳ ಮಿತಿ ಇಟ್ಟು, ಮಹಿಳೆಯರಿಗೆ ಇನ್ನೆರಡು ವರ್ಷಗಳ ಸಡಿಲಿಕೆ ಕೊಡಬಹುದೆಂದಿವೆ. ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆಗೂ ಅವಕಾಶವಿದೆ. ಆ ನಗುವಿನ ನಂತರ ಈಕೆ ಮಗುವಿಗೆ ಹುಷಾರಿಲ್ಲದಾಗಲೂ ರಜೆ ಕೇಳಿರಲಿಲ್ಲ. ತಮ್ಮ ಹಕ್ಕನ್ನೇ ಮುಚ್ಚಿಡಬೇಕಾದ ತಪ್ಪೆಂಬಂತೆ ಬದುಕುತ್ತಿದ್ದವರಿಗೆ ಭಾಷಣ ಕಲೆಯ ತರಬೇತಿ ಕೊಡಿಸಿ ಏನು ಪ್ರಯೋಜನ?

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ರಜೆಯ ಅರ್ಜಿ ಹಾಕಬೇಕು. ಸಭೆಯಲ್ಲಿ ಯಾರು ಏನು ಹೇಳಿದರೆಂದು ಅದೇ ದಿನ, ದಿನಾಂಕದೊಂದಿಗೆ ಬರೆದಿಡಬೇಕು. ಮಾರ್ಗದರ್ಶಕರ ಮುಂದೆ ವ್ಯಕ್ತಿಯ ಮೇಲಿನ ದೂರಿನ ಬದಲು ಸಭೆಯ ನಡಾವಳಿಯ ಬೇಡಿಕೆ ಇಡಬೇಕು: ಪ್ರತಿಯೊಬ್ಬರಿಗೂ ನಿಗದಿತ ಸಮಯ, ಮಾತು ಮುಗಿಯುವವರೆಗೆ ಪ್ರಶ್ನೆ ಬೇಡ, ಟಿಪ್ಪಣಿಯಲ್ಲಿ ಯಾವ ವಾದ ಯಾರದೆಂಬ ಹೆಸರು. ವಿದ್ವತ್ತಿನ ಭಿನ್ನಾಭಿಪ್ರಾಯವನ್ನು ಎಷ್ಟೇ ಕಟುವಾಗಿದ್ದರೂ ಸಭೆಯಲ್ಲೇ ಎದುರಿಸಬೇಕೆಂದೂ ಹೇಳಿದೆ. ಆದರೆ ಸಭೆಯ ಹೊರಗೆ ಆಕೆಯ ದೇಹ, ಉಡುಪಿನ ಬಗ್ಗೆ ಬಂದಿದ್ದ ಮಾತು ಬೇರೆಯದೇ ವಿಷಯ. ಎಲ್ಲ ಅವಹೇಳನವೂ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಲೈಂಗಿಕ ಕಿರುಕುಳವಾಗುವುದಿಲ್ಲ. ದೇಹ, ಉಡುಪಿನ ಬಗೆಗಿನ ಇಂಥ ಮಾತನ್ನು ಮಾತ್ರ, ಈ ಕಾಯ್ದೆಯಡಿ ಸಂಸ್ಥೆಯಲ್ಲೇ ಇರುವ ಆಂತರಿಕ ದೂರು ಸಮಿತಿಯ ಮುಂದೆ ಒಯ್ಯಬಹುದು. ಅದಕ್ಕೆ ಕೊನೆಯ ಘಟನೆಯಿಂದ ಮೂರು ತಿಂಗಳ ಅವಧಿಯಿದೆ, ಸಕಾರಣವಿದ್ದರೆ ಸಮಿತಿ ಅದನ್ನು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ಆಪ್ತಸಲಹೆಗಾರರು ಮನಸ್ಸನ್ನು ಶಾಂತಗೊಳಿಸಬೇಕೇ ಹೊರತು ನಿಯಮ, ಕಾಯ್ದೆ ಎನ್ನಬಾರದೆಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ವಾರ ವಾರವೂ ಅವಮಾನವಾಗುವ ಕೋಣೆಗೆ ಒಬ್ಬರನ್ನು ಶಾಂತವಾಗಿಸಿ ಮರಳಿ ಕಳುಹಿಸಿದರೆ, ಸಹಿಸುವುದನ್ನು ಕಲಿಸಿದ ಹಾಗಾಯಿತು. ಅದನ್ನು ಚಿಕಿತ್ಸೆ ಎನ್ನಲು ನನ್ನ ಮನಸ್ಸು ಒಪ್ಪದು. ತಡೆದವರೆಲ್ಲ ದುಷ್ಟರೆಂದೂ ನಾನು ಹೇಳುತ್ತಿಲ್ಲ. ಅಧ್ಯಕ್ಷತೆ ವಹಿಸಿದವರು ಸುಮ್ಮನಿದ್ದಲ್ಲಿ ಗಟ್ಟಿ ದನಿಯವರು ಜಾಗ ಹಿಡಿಯುತ್ತಾರೆ, ಅದನ್ನೇ ಚರ್ಚೆಯೆಂದು ಪ್ರಾಮಾಣಿಕವಾಗಿ ನಂಬುತ್ತಾರೆ.

ಸಮಯ ನಿಗದಿಗೆ ಮಾರ್ಗದರ್ಶಕರು ಒಪ್ಪಿದರು, ಹೆಸರು ಬರೆಯುವುದಕ್ಕೆ ಇನ್ನೂ ಒಪ್ಪಿಲ್ಲ. ರಜೆ ಮಂಜೂರಾಗಿದೆ. ಸಮಿತಿಗೆ ದೂರು ಕೊಡಬೇಕೇ ಬೇಡವೇ ಎಂಬ ತೀರ್ಮಾನ ಆಕೆಯದು. ಬೇಗ ಕೊಡಿ ಎಂದೂ, ಬಿಟ್ಟುಬಿಡಿ ಎಂದೂ ನಾನು ಹೇಳಿಲ್ಲ. ಅವಧಿ ಯಾವ ದಿನ ಮುಗಿಯುತ್ತದೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿಸಿದ್ದೇನೆ.