ಮಾರಿದವನಿಗಿಲ್ಲದ ದಂಡ ಕೊಂಡವನಿಗೇಕೆ?

ಬ್ರಹ್ಮಾವರದ ಓದುಗರೊಬ್ಬರು ಬರೆದಿದ್ದಾರೆ: ಕಾರಿನ ಮುಂದೆ ಹಾಕಿಸಿದ ಸ್ಟೀಲ್ ಗಾರ್ಡ್‌ಗೂ ಬಿಳಿ ಎಲ್‌ಇಡಿ ಲೈಟಿಗೂ ದಂಡ ಕಟ್ಟಿದೆ. ಎರಡನ್ನೂ ಅಂಗಡಿಯಲ್ಲಿ ಬಿಲ್ ಪಡೆದೇ ಕೊಂಡದ್ದು. ಮಾರುವಾಗ ತಪ್ಪಲ್ಲದ್ದು ಹಾಕಿಸಿಕೊಂಡಾಗ ಹೇಗೆ ತಪ್ಪಾಗುತ್ತದೆ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಹೊಸ ರೂಪ ಪಡೆಯಿತು. ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾರುವವನಿಗೂ ಅದೇ ಕಲಂನಲ್ಲಿ ಒಂದು ಲಕ್ಷ ರೂಪಾಯಿ ದಂಡವಿದೆ, ಜೈಲೂ ಇದೆ. ಆದರೆ ಅದು ಕೇಂದ್ರ ಸರ್ಕಾರ ‘ಸುರಕ್ಷತೆಗೆ ಅತಿಮುಖ್ಯ’ ಎಂದು ಅಧಿಸೂಚಿಸಿದ ಭಾಗ ಗುಣಮಟ್ಟಕ್ಕೆ ತಕ್ಕಂತಿಲ್ಲದಿದ್ದರೆ ಮಾತ್ರ. ಮಾಲೀಕನಿಗೆ ಬೀಸಿದ ಬಲೆಯ ಕಣ್ಣು ಸಣ್ಣದು, ಅಂಗಡಿಗೆ ಬೀಸಿದ್ದರದು ದೊಡ್ಡದು. ಇದು ಸರಿಯಲ್ಲ, ತಿದ್ದಲೇಬೇಕು.

ಹಾಗೆಂದು ಗಾರ್ಡ್ ವಿಷಯದಲ್ಲಿ ನಾನು ನಿಮ್ಮ ಪಕ್ಷ ವಹಿಸಲಾರೆ. ಇಂಥ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಒಮ್ಮೆ ಬಗ್ಗಿ ಬಂಪರಿನ ಅಡಿಗೆ ನೋಡಿ, ಅದನ್ನು ಎಲ್ಲಿಗೆ ಬೋಲ್ಟ್ ಹಾಕಿ ಬಿಗಿದಿದ್ದಾರೆ ಎಂದು. ಡಿಕ್ಕಿಯಾದಾಗ ಕಾರಿನ ಮೂತಿ ಮುದುಡಿಕೊಂಡು ಪೆಟ್ಟನ್ನು ನುಂಗಬೇಕು. ಚಾಸಿಗೆ, ಅಂದರೆ ಗಾಡಿಯ ಗಟ್ಟಿ ಚೌಕಟ್ಟಿಗೆ, ಬಿಗಿದ ಗಾರ್ಡ್ ಆ ಪೆಟ್ಟನ್ನು ನೇರ ಒಳಗೆ ಸಾಗಿಸುತ್ತದೆ. ಏರ್‌ಬ್ಯಾಗ್ ಯಾವಾಗ ಬಿಚ್ಚಿಕೊಳ್ಳಬೇಕೆಂಬ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಇನ್ನು ಹೊರಗಿನವರು: ಮುಂಜಾನೆಯ ಕತ್ತಲಲ್ಲಿ ಮೀನಿನ ಬುಟ್ಟಿ ಹೊತ್ತು ಹೆದ್ದಾರಿ ದಾಟುವ ಹೆಂಗಸಿಗೆ ಆ ಪೈಪು ತಾಗುವುದು ತೊಡೆಗೆ, ಸೊಂಟಕ್ಕೆ. ಜೊತೆಯಲ್ಲಿ ಮಗುವಿದ್ದರೆ ತಲೆಗೆ.

ಲೈಟಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ರಾತ್ರಿ ಕಾರನ್ನು ಕಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿ ಡಿಮ್ ಹಾಕಿ. ಕಂಪೆನಿಯ ಹ್ಯಾಲೊಜನ್ ಬಲ್ಬಿದ್ದರೆ ಗೋಡೆಯ ಮೇಲೆ ಬೆಳಕಿಗೊಂದು ಗೆರೆ ಕಾಣುತ್ತದೆ. ಎಡಬದಿಗೆ ತುಸು ಏರಿ ಅಲ್ಲಿಗೇ ನಿಲ್ಲುತ್ತದೆ. ಅದೇ ಹೋಲ್ಡರಿಗೆ ಎಲ್‌ಇಡಿ ಸಿಕ್ಕಿಸಿದರೆ ಆ ಗೆರೆ ಸಾಮಾನ್ಯವಾಗಿ ಕದಡಿಹೋಗುತ್ತದೆ, ಬೆಳಕು ಹಂಚಿನ ಮಾಡಿನವರೆಗೂ ಚೆಲ್ಲುತ್ತದೆ. ಏಕೆಂದರೆ ಒಳಗಿನ ರಿಫ್ಲೆಕ್ಟರ್ ಮಾಡಿದ್ದು ಹ್ಯಾಲೊಜನ್ ಬಲ್ಬಿನೊಳಗೆ ಉರಿಯುವ ತಂತಿಯ ಜಾಗಕ್ಕೆ ಹೊಂದುವಂತೆ. ಜೂನ್ ತಿಂಗಳ ಮಳೆಯಲ್ಲಿ ಪಡುಬಿದ್ರಿ ಕಡೆಯಿಂದ ಬರುವಾಗ ಇಂಥ ಬೆಳಕು ಎದುರಾಗಿ, ಒದ್ದೆ ಗಾಜಿನಲ್ಲಿ ರಸ್ತೆಯ ಅಂಚೇ ಕಾಣದೆ ನಾನು ಬ್ರೇಕ್ ಒತ್ತಿ ನಿಂತದ್ದುಂಟು. ಹಿಂದೆ ಲಾರಿಯಿತ್ತು.

ಹೊರಗಿನ ಸಾಮಾನೆಲ್ಲ ನಿಷಿದ್ಧವೆಂದು ಹೆದರಬೇಡಿ. ಬ್ರೇಕ್ ಪ್ಯಾಡ್, ಫಿಲ್ಟರ್, ವೈಪರ್‌ಗಳನ್ನು ಬೇರೆ ಒಳ್ಳೆಯ ತಯಾರಕರಿಂದ ಕೊಳ್ಳಬಹುದು. ಮಾನ್ಯತೆ ಪಡೆದ ಸಿಎನ್‌ಜಿ ಕಿಟ್‌ ಹಾಕಿಸಿ ಆರ್‌ಸಿಯಲ್ಲಿ ನಮೂದಿಸಬಹುದು.

ಗಾರ್ಡ್ ಬಿಚ್ಚಿಸಿದ ಮೇಲೆ ಆ ತೂತುಗಳಿಗೆ ಪ್ರೈಮರ್ ಹೊಡೆಸಿ, ನಮ್ಮ ಕಡಲ ಗಾಳಿಗೆ ತುಕ್ಕು ಬೇಗ. ಕಾನೂನು ಒಪ್ಪದ ಸಾಮಾನನ್ನು ತಿಳಿಸದೆ ಮಾರಿದರೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಗೆದ್ದೇ ಗೆಲ್ಲುತ್ತೀರೆಂದು ಮಾತು ಕೊಡಲಾರೆ, ಆದರೆ ಕೇಳುವ ಹಕ್ಕು ನಿಮಗಿದೆ. ಆ ಬಿಲ್ಲು ಮೆಷಿನ್ನಿನಲ್ಲಿ ಬಂದ ನುಣುಪು ಕಾಗದದ್ದಾದರೆ ಅಕ್ಷರ ಮಾಸುವ ಮೊದಲು, ಇವತ್ತೇ ಒಂದು ಜೆರಾಕ್ಸ್ ಮಾಡಿಸಿಡಿ.

— ಸಂ.