ಗದ್ದಿಗಳ ಲುಂಗ್ಡು, ಕೊಡಗಿನ ತೆರ್ಮೆ

ಪ್ರಶ್ನೆ: ಹಿಮಾಚಲದ ಧರ್ಮಶಾಲಾದಿಂದ ತ್ರಿಯುಂಡ್ ಬೆಟ್ಟ ಹತ್ತುವಾಗ ಕುರಿ ಮೇಯಿಸುವ ಗದ್ದಿಗಳು ಸುರುಳಿ ಸುತ್ತಿದ ಎಳೆ ಜರೀಗಿಡದ ಪಲ್ಯ ಮಾಡಿ ಮೆಕ್ಕೆಜೋಳದ ರೊಟ್ಟಿ ಜೊತೆ ತಿನ್ನುತ್ತಿದ್ದರು. ನಮ್ಮ ತೆರ್ಮೆ ಸೊಪ್ಪಿನ ಹಾಗೇ ಇತ್ತು. ಎರಡೂ ಒಂದೇನಾ? ನಾವೂ ಕಿತ್ತು ತಿನ್ನಬಹುದಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಒಂದೇ ಜಾತಿ ಇರಬಹುದು, ಇಲ್ಲವೇ ಅದರ ಹತ್ತಿರದ ನೆಂಟ. ಕಾಂಗ್ರಾ ಕಡೆ ಅದಕ್ಕೆ ಲುಂಗ್ಡು ಅಂತಾರೆ, ಉಪ್ಪಿನಕಾಯಿಯನ್ನೂ ಹಾಕ್ತಾರೆ. ಗದ್ದಿಗಳು ಚಳಿಗಾಲಕ್ಕೆ ಕೆಳಗಿನ ಗುಡ್ಡಗಳಲ್ಲಿದ್ದು, ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಧೌಲಾಧಾರ್ ಪರ್ವತಸಾಲು ದಾಟಿ ಲಾಹೌಲ್ ಕಣಿವೆವರೆಗೂ ಹೋಗುವವರು. ಹಿಟ್ಟು, ಬೇಳೆ, ಉಪ್ಪು ಹೊತ್ತುಕೊಂಡು ಹೋಗಬಹುದು, ತರಕಾರಿ ಎಲ್ಲಿಂದ ತರೋದು? ದಾರಿಯಲ್ಲಿ ಸಿಕ್ಕಿದ್ದೇ ಸೊಪ್ಪು. ಕೆಳಗೆ ಕಾಂಚಾಳ (ಕಚ್ನಾರ್) ಮರದ ಮೊಗ್ಗು, ತೊರೆಯ ಪಕ್ಕ ಲುಂಗ್ಡು, ಮೇಲೆ ಹೋದಂತೆ ಕಾಡು ಈರುಳ್ಳಿ, ಚುಕ್ರಿ ಅನ್ನುವ ಕಾಡು ರೂಬಾರ್ಬ್ ಗಿಡದ ಹುಳಿ ದಂಟು (ಅದರ ಎಲೆ ತಿನ್ನಬಾರದು). ಮುಟ್ಟಿದರೆ ಉರಿಯೆಬ್ಬಿಸುವ ತುರಚೆಯಂಥ ಗಿಡವನ್ನೂ ಬಿಡಲ್ಲ. ಹೂ ಬಿಡುವ ಮೊದಲು ಚಿಗುರನ್ನು ಇಕ್ಕಳದಲ್ಲಿ ಕಿತ್ತು ಬೇಯಿಸಿದರೆ ಚುಚ್ಚುವ ರೋಮ ಮೆತ್ತಗಾಗಿ ಉರಿ ಹೋಗುತ್ತದೆ.

ಆದರೆ ಸುರುಳಿ ಕಂಡಿದ್ದೆಲ್ಲ ಲುಂಗ್ಡು ಅಲ್ಲ, ಇದನ್ನ ಸ್ವಲ್ಪ ಒತ್ತಿ ಹೇಳ್ತೀನಿ. ಬ್ರ್ಯಾಕೆನ್ ಅನ್ನುವ ಇನ್ನೊಂದು ಜರೀಗಿಡ ಇದೆ, ಅದೂ ಎಳೆಯದರಲ್ಲಿ ಸುರುಳಿಯಾಗಿಯೇ ಇರುತ್ತದೆ, ಅದರಲ್ಲಿರುವ ಟಾಕ್ವಿಲೋಸೈಡ್ ಎಂಬ ವಿಷ ಕ್ಯಾನ್ಸರ್ ತರಬಲ್ಲದು, ಅದನ್ನೇ ಮೇಯ್ದ ದನಗಳು ರಕ್ತ ಬೆರೆತ ಮೂತ್ರ ಮಾಡೋದುಂಟು. ಲುಂಗ್ಡು ಸಾಮಾನ್ಯವಾಗಿ ನೀರಿನ ಪಕ್ಕ ನೆರಳಲ್ಲಿ, ಬುಡದಿಂದ ಗುಂಪಾಗಿ ಏಳುತ್ತದೆ. ಬ್ರ್ಯಾಕೆನ್ ಬಯಲು ಇಳಿಜಾರಲ್ಲಿ ಒಂದೊಂದೇ ಕಡ್ಡಿಯಾಗಿ. ಇಷ್ಟು ಓದಿಕೊಂಡು ಸುಮ್ನೆ ಕೀಳೋಕೆ ಹೋಗಬೇಡಿ, ಅಲ್ಲಿಯವರನ್ನೇ ಕೇಳಿ, ಇಲ್ಲಾಂದ್ರೆ ಸಂತೆಯಲ್ಲಿ ಕೊಂಡುಕೊಳ್ಳಿ. ಮನೆಗೆ ತಂದ ಮೇಲೆ ತೆರ್ಮೆಗೆ ಮಾಡುವ ಹಾಗೇ: ರೋಮ ಉಜ್ಜಿ ತೊಳೆದು, ಕುದಿಸಿ, ನೀರು ಚೆಲ್ಲಿ ಒಗ್ಗರಣೆ. ಹಸಿ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಹಿಮಾಚಲದಿಂದ ಒಣಗಿದ ಗುಚ್ಛಿ ತಂದುಕೊಟ್ಟಿದ್ದಾರೆ. ಇದೂ ಕುರಿಗಾಹಿಗಳ ಊಟವೇ? ಇಷ್ಟು ದುಬಾರಿ ಯಾಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸಿಗೋದು ಅವರಿಗೆ, ತಿನ್ನೋದು ಜಾಸ್ತಿ ಪಟ್ಟಣದವರು! ಇದು ಅಣಬೆ. ಹಿಮ ಕರಗಿದ ಮೇಲೆ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಏಳುತ್ತದೆ, ಹುಡುಕೋದಕ್ಕೇ ದಿನ ಹೋಗುತ್ತದೆ, ಹಾಗಾಗಿ ಕಿಲೋಗೆ ಸಾವಿರಾರು ರೂಪಾಯಿ. ಉದ್ದಕ್ಕೆ ಸೀಳಿ ನೋಡಿ, ನಿಜವಾದ ಗುಚ್ಛಿಯೇ ಆದರೆ ತಲೆಯಿಂದ ಕಾಲಿನವರೆಗೂ ಒಳಗೆ ಟೊಳ್ಳಾಗಿರಬೇಕು. ಬಿಸಿನೀರಲ್ಲಿ ನೆನೆಸಿ, ಮಣ್ಣು ತೊಳೆದು, ಚೆನ್ನಾಗಿ ಬೇಯಿಸಿ ಪಲಾವ್‌ಗೆ ಹಾಕಿ. ಹಸಿಯಾಗಿಯೋ ಅರೆಬೆಂದೋ ತಿಂದರೆ ವಾಂತಿ, ಹೊಟ್ಟೆನೋವು ಬರಬಹುದು.