ಗರಗಸ ಇಟ್ಟ ಜಾಗದಿಂದ ಆರಂಭಿಸಿ

ಮಾನ್ಯರೇ,

ಜರ್ಮನ್ ರೈಲು ಕೋಚಿನ ಪುಟ್ಟ ಮಾದರಿಯೊಂದನ್ನು, ಚೆನ್ನೈನ ಪೆರಂಬೂರಿನಲ್ಲಿರುವ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ (ಐಸಿಎಫ್) ಕೋಚಾಗಿ ಮಾರ್ಪಡಿಸಿದ ಬಗೆಯನ್ನು ಹೇಳುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಕೈಬಿಡಲು ಮನಸ್ಸೊಪ್ಪದ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ 1864ರಲ್ಲಿ ಬೆಂಗಳೂರು ದಂಡಿಗೆ ರೈಲು ಬಂದ ಕಥೆಯಿದೆ, ಎರಡನೆಯದರಲ್ಲಿ ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ, ತಂತಿ ಕೊಂಡ ಪಟ್ಟಿಯಿದೆ. ಎರಡನ್ನೂ ತೆಗೆದುಹಾಕಿ. ಓದುಗ ನಿಜಕ್ಕೂ ಕಾಯುತ್ತಿರುವ ವಾಕ್ಯ ಮೂರನೆಯ ಪುಟದ ನಡುವೆ ಅಡಗಿದೆ: 'ಕೋಚನ್ನು ಮಧ್ಯದಲ್ಲಿ ಕತ್ತರಿಸಿ ಚಿಕ್ಕದು ಮಾಡಿ, ಪಕ್ಕಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ.' ವಾರಗಟ್ಟಲೆ ನಡೆದಿರಬೇಕಾದ ಕೆಲಸವನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಬಫರಿನಿಂದ ಬಫರಿಗೆ, ಅಂದರೆ ತುದಿಯಿಂದ ತುದಿಗೆ, 26.4 ಮೀಟರ್ ಇರುವ ಜರ್ಮನ್ ಕೋಚು ನಿಜದ ಗಾತ್ರವನ್ನು 87 ಪಟ್ಟು ಕುಗ್ಗಿಸುವ 1:87ರ ಅಳತೆಯಲ್ಲಿ 303 ಮಿಲಿಮೀಟರ್ ಆಗುತ್ತದೆ, ಐಸಿಎಫ್ ಕೋಚು ಸುಮಾರು 256. ಅಂದರೆ 47 ಮಿಲಿಮೀಟರಿನಷ್ಟು ಒಡಲನ್ನು ನೀವು ತೆಗೆದಿರಬೇಕು. ಗರಗಸವನ್ನು ಎಲ್ಲಿಟ್ಟಿರಿ? ಕತ್ತರಿಸಿದ ಎರಡು ತುಂಡುಗಳು ನೇರವಾಗಿ ಕೂಡುವಂತೆ ಹೇಗೆ ಹಿಡಿದಿಟ್ಟಿರಿ? ಛಾವಣಿಯ ಮೇಲಿನ ಕೂಡಿಸಿದ ಗೆರೆ ಉಜ್ಜುಕಾಗದಕ್ಕೆ ಮಣಿಯಿತೇ? ಯಶವಂತಪುರದ ಮೇಲ್ಸೇತುವೆಯ ಮೇಲೆ ನಿಂತು ಗಾಡಿ ನೋಡಿದವರಿಗೆ ಗೊತ್ತು, ಮೇಲಿನಿಂದ ನೋಡುವ ಕಣ್ಣಿಗೆ ಮೊದಲು ಬೀಳುವುದು ಛಾವಣಿ. ಮೇಜಿನ ಮೇಲಿನ ಮಾದರಿಯನ್ನೂ ನಾವು ನೋಡುವುದು ಹಾಗೆಯೇ. ಆ ಛಾವಣಿಯ ಬಗ್ಗೆ ನಿಮ್ಮಲ್ಲಿ ಒಂದು ಮಾತೂ ಇಲ್ಲ.

ಕಿಟಕಿಯ ಸರಳುಗಳನ್ನು ಬರೆದ ಭಾಗ ಚೆನ್ನಾಗಿದೆ. ತುರ್ತು ಕಿಟಕಿಯೊಂದನ್ನು ಮಾತ್ರ ಸರಳಿಲ್ಲದೆ ಬಿಟ್ಟಿದ್ದೇನೆ ಎಂದಿರಲ್ಲ, ಅಲ್ಲಿ ನೀವು ಪ್ರಯಾಣಿಕನ ಕಣ್ಣಿನಿಂದ ಕೋಚನ್ನು ನೋಡಿದ್ದೀರಿ. ಆದರೆ ಅರ್ಧ ಮಿಲಿಮೀಟರ್ ತಂತಿ ಈ ಅಳತೆಯಲ್ಲಿ ನಾಲ್ಕು ಸೆಂಟಿಮೀಟರಿಗೂ ದಪ್ಪದ ಸರಳಾಗುತ್ತದೆ. 0.2 ಮಿಲಿಮೀಟರಿನ ತಾಮ್ರದ ತಂತಿಯಿಂದ ಒಂದು ಕಿಟಕಿಯನ್ನಾದರೂ ಮತ್ತೆ ಮಾಡಿ ನೋಡಿ, ವ್ಯತ್ಯಾಸವನ್ನು ಬರೆಯಿರಿ.

ಒಂದು ತಪ್ಪನ್ನು ತಿದ್ದಲೇಬೇಕು. ಎರಡು ಕಂಬಿಗಳ ನಡುವೆ 16.5 ಮಿಲಿಮೀಟರ್ ಅಂತರವಿರುವ (ಈ ಅಂತರವೇ ಗೇಜ್) ಹಳಿ ನಮ್ಮ ಬ್ರಾಡ್‌ಗೇಜಿನ ನಿಖರ ರೂಪ ಎಂದಿದ್ದೀರಿ. ನಮ್ಮ 1676 ಮಿಲಿಮೀಟರ್ ಗೇಜ್ 1:87ರಲ್ಲಿ 19.3 ಆಗುತ್ತದೆ, 16.5 ಸರಿಹೊಂದುವುದು 1435 ಮಿಲಿಮೀಟರಿಗೆ, ಬೆಂಗಳೂರಿನಲ್ಲಿ ಆ ಗೇಜ್ ಇರುವುದು ನಮ್ಮ ಮೆಟ್ರೊಗೆ. ಸಿಗುವ ಹಳಿಗೆ ಹೊಂದಿಕೊಂಡಿದ್ದೇನೆ ಎಂದು ನೇರವಾಗಿ ಹೇಳಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಇನ್ನು, 'ಬೋಗಿ' ಎಂಬ ಪದವನ್ನು ಇಡೀ ಡಬ್ಬಿಗೂ ಅದರಡಿಯ ಗಾಲಿಗಳ ಚೌಕಟ್ಟಿಗೂ ಬಳಸಿದ್ದೀರಿ. ಮಾತಿನಲ್ಲಿ ನಾವೆಲ್ಲರೂ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ, ನಿಜ. ಆದರೆ 'ಬೋಗಿಯನ್ನು ಬಿಚ್ಚಿ ಬೋಗಿಗೆ ಬಣ್ಣ ಹಚ್ಚಿದೆ' ಎಂಬಲ್ಲಿ ಮಾಡಿ ಕಲಿಯಲು ಕುಳಿತವನ ಕೈ ನಿಂತುಬಿಡುತ್ತದೆ. ಡಬ್ಬಿಗೆ ಕೋಚು ಎಂದೇ ಬರೆಯಿರಿ.

ತಿದ್ದಿದ ಪ್ರತಿಯ ಜೊತೆಗೆ, ಬಣ್ಣ ಹಚ್ಚುವ ಮುನ್ನ, ಕೂಡಿಸಿದ ಗೆರೆ ಇನ್ನೂ ಕಾಣುತ್ತಿದ್ದಾಗ ತೆಗೆದ ಚಿತ್ರವಿದ್ದರೆ ಅದನ್ನೂ ಕಳುಹಿಸಿ.

ಇಂತಿ,
ಸಂಪಾದಕ